ಸರ್ಜಾಪುರದ ಕೊನೆಯ ಬಸ್ಸು

14-8-1984, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಇಂದು ರಾಮಾಂಜಿನಪ್ಪ ಸಾರ್ ಅವರ ಸಂತಾಪ ಸಭೆ. ವಿದ್ಯಾರ್ಥಿ ಚಟುವಟಿಕೆಗಳ ಅಧಿಕಾರಿಯಾಗಿದ್ದಷ್ಟು ಕಾಲವೂ, ಸರ್ಜಾಪುರದ ಕೊನೆಯ ಬಸ್ಸಿನ ಹೊತ್ತಾದರೆ ಅವರು ಮಂತ್ರಿಯ ಭಾಷಣವನ್ನೂ ನಿಲ್ಲಿಸಿಬಿಡುತ್ತಿದ್ದರು. "ಸಾಕು ಸಾರ್, ನಮ್ಮ ಹೆಣ್ಮಕ್ಳು ಊರು ಸೇರ್ಬೇಕು." ಆ ಒಂದು ಮಾತನ್ನು ನಂಬಿಯೇ ಅಪ್ಪ ನನ್ನನ್ನು ನಾಟಕಕ್ಕೆ ಸೇರಲು ಬಿಟ್ಟದ್ದು.

ಇಂದು ಕುಲಪತಿಗಳು ಅವರ ಸಮಯಪಾಲನೆಯನ್ನೇ ಗಂಟೆಗಟ್ಟಲೆ ಹೊಗಳಿದರು. ಹಿಂದಿನ ಸಾಲಿನಲ್ಲಿ ನಮ್ಮೂರಿನ ಹುಡುಗಿಯರು ಚಡಪಡಿಸುತ್ತಿದ್ದರು. ನಾನು ಎದ್ದು ನಿಂತು, ಬಸ್ಸಿನ ಹೊತ್ತಾಯಿತು ಎಂದೆ.

"ಕೂತ್ಕೊಳ್ಳಮ್ಮಾ, ಸತ್ತೋರಿಗೆ ಮರ್ಯಾದೆ ಕೊಡೋದು ಗೊತ್ತಿಲ್ವಾ?" ಎಂದು ರಿಜಿಸ್ಟ್ರಾರ್ ಗದರಿದರು.

ಮರ್ಯಾದೆಯಂತೆ! ಆಮೇಲೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಮೌನ ಆಚರಿಸಿದರು. ಆ ಮೌನದಲ್ಲಿ ನಮ್ಮ ಬಸ್ಸು ಹೊರಟುಹೋದ ಸದ್ದು ಎಲ್ಲರಿಗೂ ಚೆನ್ನಾಗಿ ಕೇಳಿಸಿತು.