ಹಸಿರು ದೀಪದ ಶವಾಸನ

ದಾವಣಗೆರೆ
ಫೆಬ್ರವರಿ 30, 2191

ನನ್ನ ಮುತ್ತಜ್ಜಿಗೂ ಅಜ್ಜಿಯಾದ ಕೊಟ್ರೇಶ್ವರಮ್ಮನವರಿಗೆ,

ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೇ ತಾರೀಖು ಇರಲಿಲ್ಲವಂತೆ. ನಮಗಿದೆ. ಹಬ್ಬದ ತಿಂಗಳುಗಳಿಂದ ದಿನಗಳನ್ನು ಕಿತ್ತು ಇಲ್ಲಿಗೆ ಸೇರಿಸಿದ್ದಾರೆ, ಎಲ್ಲವೂ ಕೆಲಸದ ದಿನಗಳೇ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನೂ ನನ್ನ ಅಕ್ಕ ದಾಕ್ಷಾಯಿಣಿಯೂ ದೂರುಮನೆಯಲ್ಲಿ ಕೆಲಸಕ್ಕಿದ್ದೆವು. ಯಂತ್ರಗಳು ಸಮಾಧಾನ ಮಾಡಲಾಗದ ಗಿರಾಕಿಗಳಿಂದ ಬೈಸಿಕೊಳ್ಳಲು ಮನುಷ್ಯರನ್ನು ಕೂರಿಸುವ ಜಾಗ ಅದು. ದಿನಕ್ಕೆ ಹನ್ನೊಂದು ಗಂಟೆ ಕಿವಿಗೆ ಬೈಗುಳ. ಎದೆಗೆ ಉಸಿರುಪಟ್ಟಿ ಕಟ್ಟಿರುತ್ತಾರೆ. ಉಸಿರು ಏರಿದರೆ ಅದರ ದೀಪ ಕೆಂಪಾಗುತ್ತದೆ, ಇಳಿದರೆ ಹಸಿರು. ಕೆಂಪಾದವರು ಊಟ ಬಿಟ್ಟು ಪ್ರಾಣಾಯಾಮಕ್ಕೆ ಕೂರಬೇಕು. ತಪ್ಪು ಕೆಲಸದ್ದಲ್ಲ, ನಮ್ಮ ಉಸಿರಿನದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲ, ನಾವೇ ಆ ಎಮ್ಮೆಗಳು.

ಯೋಗದ ಮೇಲೆ ನನಗೆ ಮುನಿಸಿಲ್ಲ. ರಜೆ ಸಿಕ್ಕಿದ ಬೆಳಗ್ಗೆ ಅಕ್ಕ ಹಳೆಯ ಜಮಖಾನ ಹಾಸಿ, ಕಿಟಕಿ ತೆರೆದು ಸೂರ್ಯ ನಮಸ್ಕಾರ ಮಾಡುತ್ತಿದ್ದಳು. ಆರನೆಯದಕ್ಕೇ ಸುಸ್ತಾಗಿ ನಗುತ್ತ ಕೂತುಬಿಡುತ್ತಿದ್ದಳು. ಆ ದಿನವೆಲ್ಲ ಅವಳ ಮುಖದಲ್ಲಿ ಗೆಲುವಿರುತ್ತಿತ್ತು. ಆ ಯೋಗ ಅವಳದಾಗಿತ್ತು.

ಮೊನ್ನೆ ಮಧ್ಯಾಹ್ನ ದೂರುಮನೆಯ ನಲವತ್ತು ಜನರಿಗೂ ಒಟ್ಟಿಗೆ ಶವಾಸನ. ಗಂಟೆ ಹೊಡೆಯುವವರೆಗೆ ಯಾರೂ ಏಳಬಾರದು, ಪಕ್ಕದವರನ್ನು ಮುಟ್ಟಬಾರದು ಎಂಬುದು ನಿಯಮ. ಮಲಗುವ ಮುಂಚೆ ಅಕ್ಕ, "ಎದೆ ಹಿಡ್ದಂಗಾಗ್ತೈತೆ ಕಣೇ" ಅಂದಳು. ನಾನು ಏನಂದೆ ಗೊತ್ತೇ? "ಉಸಿರು ಉದ್ದಕ್ಕೆ ಎಳ್ಕಾ ಅಕ್ಕಾ, ಸರಿಹೋಗ್ತೈತೆ" ಅಂದೆ. ಚಿಕ್ಕಂದಿನಿಂದ ನಮ್ಮ ಬಾಯಿಗೆ ಬರುವುದು ಅದೊಂದೇ ಮಾತು.

ಮಲಗಿದಾಗ ಅವಳ ದೀಪ ಕೆಂಪಗಿತ್ತು. ಸ್ವಲ್ಪ ಹೊತ್ತಿಗೆ ಹಸಿರಾಯಿತು. ಓರೆಗಣ್ಣಲ್ಲಿ ಅದನ್ನು ನೋಡಿ ನಾನು ನೆಮ್ಮದಿಯಿಂದ ಕಣ್ಣು ಮುಚ್ಚಿದೆ. ಗಂಟೆ ಹೊಡೆದಾಗ ಮೂವತ್ತೊಂಬತ್ತು ಜನ ಎದ್ದೆವು. ಉಸಿರು ಇಳಿಯುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಆ ಪಟ್ಟಿಗೆ ಗೊತ್ತಿಲ್ಲ. ಮರುದಿನ ಹೋದರೆ ಬಾಗಿಲಲ್ಲೇ ಅಕ್ಕನ ಫೋಟೊ ತೂಗುಹಾಕಿದ್ದರು. ಈ ತಿಂಗಳ ಅತ್ಯಂತ ಶಾಂತ ಉದ್ಯೋಗಿ ಎಂದು ಉಸಿರುಪಟ್ಟಿಗಳ ಲೆಕ್ಕ ನೋಡುವ ಯಂತ್ರ ಅವಳನ್ನು ಆರಿಸಿತ್ತು. ತೆಗೆಯಿರಿ ಎಂದು ಕೂಗಾಡಿದೆ. ನನ್ನನ್ನು ಪ್ರಾಣಾಯಾಮಕ್ಕೆ ಕಳಿಸಿದರು.

ಆ ಫೋಟೊದ ಪಕ್ಕದಲ್ಲೇ ಗಾಜಿನ ಚೌಕಟ್ಟಿನೊಳಗೆ ನಿಮ್ಮ ಪತ್ರವಿದೆ, ಅಜ್ಜಿ. ಫೋನಿಗೆ ಉತ್ತರಿಸುವ ನಿಮ್ಮ ಕಂಪನಿಗೆ ನೌಕರರ ಪರವಾಗಿ ನೀವು ಬರೆದದ್ದು. ಇಂಥ ದೂರುಮನೆಗಳಿಗೆಲ್ಲ ಅದೇ ಮೂಲವೆಂದು ಹೆಮ್ಮೆಯಿಂದ ಇಟ್ಟಿದ್ದಾರೆ. ಊಟಕ್ಕೆ ಅರ್ಧ ಗಂಟೆ, ಜೊತೆಗೆ ಇನ್ನಿಬ್ಬರು ಕೆಲಸದವರು ಬೇಕೆಂದು ನೀವೆಲ್ಲ ಕೇಳಿದ್ದಿರಿ. ಅವರು ಚಾಪೆಗಳನ್ನೂ ಒಬ್ಬ ಯೋಗ ಗುರುವನ್ನೂ ಕೊಟ್ಟರು. ನೀವು "ಮನಸ್ಸು ಹಗುರಾಗಿದೆ, ಮೊದಲಿನ ಬೇಡಿಕೆ ಕೈಬಿಟ್ಟಿದ್ದೇವೆ, ಧನ್ಯವಾದ" ಎಂದು ಬರೆದು ಸಹಿ ಹಾಕಿದಿರಿ. ಮನಸ್ಸು ಹಗುರಾಗಿದ್ದು ನಿಜವೇ ಇರಬಹುದು. ಆದರೆ ಕೇಳಿದ್ದನ್ನು ಕೈಬಿಡಿ ಎಂದು ನಿಮಗೆ ಹೇಳಿದವರು ಯಾರು? ಆ ಸಾಲು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಆ ಪತ್ರಕ್ಕೆ ನೀವು ಇನ್ನೂ ಸಹಿ ಹಾಕಿರದಿದ್ದರೆ ದಮ್ಮಯ್ಯ, ಬೇಡಿಕೆ ಕೈಬಿಟ್ಟಿದ್ದೇವೆಂಬ ಆ ಒಂದು ಸಾಲು ಹೊಡೆದುಹಾಕಿ. ಚಾಪೆ ಇಟ್ಟುಕೊಳ್ಳಿ, ಆಸನ ಹಾಕಿ, ಬೆನ್ನು ನೋವು ಕಳೆದುಕೊಳ್ಳಿ. ಊಟದ ಅರ್ಧ ಗಂಟೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಪಕ್ಕದವಳು ಎದೆ ನೋವು ಎಂದರೆ ಎದ್ದು ಅವಳ ಕೈ ಹಿಡಿಯಿರಿ.

ಕೆಲಸದ ಮೇಜಿನಲ್ಲೇ ಕೂತು ಇದನ್ನು ಬರೆಯುತ್ತಿರುವಾಗ ನನ್ನ ದೀಪ ಕೆಂಪಾಗಿದೆ. ಮೇಲ್ವಿಚಾರಕ ಇತ್ತ ಬರುತ್ತಿದ್ದಾನೆ. ಇವತ್ತು ನಾನು ಉಸಿರನ್ನು ಇಳಿಸುವುದಿಲ್ಲ.

ನಿಮ್ಮ ವಂಶದ,
ಪಾರಿಜಾತ