ಊರಿನ ಹೆಸರಿನವಳು

ಮಾರ್ಚ್ ೧೪, ಶನಿವಾರ

ಆರು ವರ್ಷದಿಂದ ಕೊರೆಯುತ್ತಿದ್ದ ಮಾತು ಇವತ್ತು ಮುಗಿಯಿತು. "ಊರಿನ ಹೆಸರು ಯಾರಾದ್ರೂ ಮಗೂಗೆ ಇಡ್ತಾರೇನೆ?" ಎಂದು ಮುನಿದ ಅತ್ತೆ, ನನ್ನ ಮಗಳನ್ನು ಬರೀ ಪುಟ್ಟಿ ಎಂದೇ ಕರೆದವರು. ದಾರಿಯಲ್ಲಿ ಹೆರಿಗೆ ನೋವು ಬಂದಾಗ ನನ್ನನ್ನು ಬಸ್ಸಿನಿಂದ ಇಳಿಸಿಕೊಂಡು, ಒಡಹುಟ್ಟಿದವಳಂತೆ ನೋಡಿಕೊಂಡ ಊರು ಅದು. ಬೇರೆ ಹೆಸರು ನನಗೆ ತೋಚಲೇ ಇಲ್ಲ.

ಇವತ್ತು ಅತ್ತೆ, ಮಗಳು, ನಾನು ಮೂವರೂ ಅದೇ ದಾರಿಯಲ್ಲಿ ಹೋಗುತ್ತಿದ್ದೆವು. ಕಂಡಕ್ಟರ್ ಆ ಊರಿನ ಹೆಸರು ಕೂಗಿ, "ಇಳೀರಿ, ಬೇಗ ಇಳೀರಿ!" ಎಂದ. ಮಗಳು ಎದ್ದು ನಿಂತು, "ನಾನ್ಯಾಕೆ ಇಳೀಲಿ? ನಮ್ಮ ಟಿಕೆಟ್ ಇನ್ನೂ ಮುಂದಕ್ಕಿದೆ!" ಎಂದು ದಬಾಯಿಸಿದಳು. ಬಸ್ಸಿಗೆ ಬಸ್ಸೇ ನಕ್ಕಿತು.

ನನಗೋ ಅತ್ತೆಯ ಮುಖ ನೋಡಲು ಹೆದರಿಕೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಪಕ್ಕದ ಹೆಂಗಸಿಗೆ ಹೇಳಿದರು: "ನಮ್ಮ ಮೊಮ್ಮಗಳ ಹೆಸರೇ ಕಣಮ್ಮ, ಈ ಊರಿಗೆ ಇಟ್ಟಿರೋದು."