ರಟ್ಟಿನ ತುಂಡು

ಕುಂದಲಹಳ್ಳಿ
9-3-2025, ಭಾನುವಾರ

ನನ್ನ ಭಾಗ್ಯಾ,

ಲಗ್ನವಾದ ಮೇಲೆ ಒಂದಾದರೂ ಕಾಗದ ಬರೆದಿರೇನು ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ತಗೋ, ಬರೆದಿದ್ದೇನೆ. ತಡವಾಯಿತು, ಕ್ಷಮಿಸು. ದಿನಾ ಫೋನಿನಲ್ಲಿ ಮಾತಾಡುವವನಿಗೆ ಇದೇನು ಹೊಸ ಹುಚ್ಚು ಎಂದು ನಗಬೇಡ. ಫೋನಿನಲ್ಲಾದರೆ ನನ್ನ ದನಿ ಕೇಳಿಯೇ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ. ಬಾಣಂತಿ ಅಳಬಾರದು ಎಂದು ಅತ್ತೆ ಹೇಳಿದ್ದಾರೆ.

ಮಗಳು ಹೇಗಿದ್ದಾಳೆ? ನೀನು ಕಳಿಸಿದ ಫೋಟೋ ನೋಡಿ ನೋಡಿ ಫೋನಿನ ಗಾಜು ಸವೆದಿದೆ. ‘ಮುಷ್ಟಿ ಬಿಡವಲ್ಲಳು ನೋಡ್ರಿ’ ಎಂದೆಯಲ್ಲ, ನಿಮ್ಮಪ್ಪನ ಮೊಮ್ಮಗಳು ತಾನೇ, ಕೈ ಬಿಗಿ ಇರಲೇಬೇಕು. ಆ ಮುಷ್ಟಿಯೊಳಗೆ ನನ್ನ ಹೆಬ್ಬೆರಳು ತೂರಿಸಿ, ಅವಳು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ನೋಡಬೇಕು ಎಂದು ಆಸೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಮ್ಮ ಕಾರ್ ವಾಶಿನಲ್ಲಿ ಗಿರಾಕಿಗಳೇ ಭಾರಿ ಒತ್ತಡದ ನೀರಿನ ಗನ್ನು ಹಿಡಿದು ತಮ್ಮ ಕಾರು ತೊಳೆದುಕೊಳ್ಳುವುದು ನಿನಗೆ ಗೊತ್ತು. ಸೋರುವುದನ್ನು ನಿಲ್ಲಿಸುವುದು ನನ್ನ ಕೆಲಸ. ವಾಷರ್ ಬದಲಿಸು, ಟೇಪು ಸುತ್ತು, ಹಳೆ ಪೈಪು ಕಿತ್ತು ಹೊಸದು ಹಾಕು. ತೊಟ್ಟಿಕ್ಕುವ ಸೋರಿಕೆಗೆ ನಾನು ಹೆದರುವುದಿಲ್ಲ. ಪೈಪಿಗೆ ಸೂಜಿ ಮೊನೆಯಷ್ಟು ತೂತು ಬಿದ್ದಾಗ ನೀರು ಕಣ್ಣಿಗೇ ಕಾಣುವುದಿಲ್ಲ, ಸ್ಸ್ ಎಂಬ ಸದ್ದು ಮಾತ್ರ ಕೇಳುತ್ತದೆ. ಅದಕ್ಕೆ ಹೆದರುತ್ತೇನೆ. ಆ ಒತ್ತಡಕ್ಕೆ ನೀರು ಚರ್ಮ ತೂರಿಕೊಂಡು ಒಳಗೇ ಹೋಗುತ್ತದೆ.

ನಮ್ಮ ರೂಮಿನ ಹಣಮಂತ ಗಾಡಿಯಿಂದ ಬಿದ್ದು ಹೆಬ್ಬೆರಳು ಕಳೆದುಕೊಂಡ ಎಂದು ನಿನಗೆ ಹೇಳಿದ್ದೆ. ನೀನು ಬಸುರಿ, ಹೆದರುತ್ತೀ ಎಂದು ಹಾಗೆ ಹೇಳಿದೆ. ಆದದ್ದು ಬೇರೆ. ಊರಲ್ಲಿ ಹೊಲದ ಪೈಪು ಸೋರಿದರೆ ನಾವು ಏನು ಮಾಡುತ್ತೇವೆ? ಅಂಗೈಯಿಂದ ಸವರಿ ತೂತು ಹುಡುಕುತ್ತೇವೆ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಟ್ಯೂಬಿನ ಪಟ್ಟಿ ತಾರಲೇ ಎಂದು ಕೂಗುತ್ತೇವೆ. ಹಣಮಂತ ಇಲ್ಲಿಯೂ ಅದನ್ನೇ ಮಾಡಿದ. ‘ಏನೂ ಆಗಿಲ್ಲಲೇ ನೀಲ್ಯಾ, ಸೂಜಿ ಚುಚ್ಚಿದಂಗ ಆತು, ಅಷ್ಟ’ ಎಂದು ನಕ್ಕು, ಅರಿಸಿನ ಹಚ್ಚಿಕೊಂಡು ಮಲಗಿದ. ಬೆಳಗಾಗುವಷ್ಟರಲ್ಲಿ ಕೈ ಕಪ್ಪಗೆ ಊದಿತ್ತು. ಸೋಪಿನ ನೀರು ಒಳಗೊಳಗೇ ಹರಿದು ಮಾಂಸ ಕೊಳೆಸಿತ್ತು, ಹೆಬ್ಬೆರಳು ಕತ್ತರಿಸಿ ತೆಗೆಯಬೇಕಾಯಿತು. ಈಗ ಅವನಿಗೆ ರೊಟ್ಟಿ ಮುರಿಯಲು ಬರುವುದಿಲ್ಲ. ನಾನೇ ಮುರಿದು ತಟ್ಟೆಗೆ ಹಾಕುತ್ತೇನೆ.

ಅಂದಿನಿಂದ ನನ್ನ ಜೀವ ನನ್ನ ಕೈಯಲ್ಲಿಲ್ಲ. ಕುಕ್ಕರ್ ಸ್ಸ್ ಎಂದರೂ ಬೆಚ್ಚುತ್ತೇನೆ. ಒಂದು ರಟ್ಟಿನ ತುಂಡು ಇಟ್ಟುಕೊಂಡಿದ್ದೇನೆ. ಸದ್ದು ಬಂದ ಕಡೆ ಪೈಪಿನ ಗುಂಟ ಅದನ್ನು ಹಿಡಿಯುತ್ತಾ ಹೋದರೆ, ತೂತಿದ್ದಲ್ಲಿ ರಟ್ಟು ಒದ್ದೆಯಾಗಿ ಹರಿಯುತ್ತದೆ. ಅದನ್ನು ಕಂಡು ಸೂಪರ್‌ವೈಸರ್ ನರೇಶ್‌ಗೆ ನಗು. ಇವತ್ತೂ ಮೋಟಾರು ಆರಿಸೋಣ ಸಾರ್ ಎಂದರೆ, ‘ಏನ್ ಗುರು, ರಟ್ಟು ಹಿಡ್ಕೊಂಡು ಮಂಗಳಾರತಿ ಮಾಡ್ತಿದ್ದೀಯಾ? ಸಂಡೇ ಕಣೋ, ಕಾರ್‌ಗಳು ರೋಡ್‌ತನಕ ನಿಂತವೆ. ಆಫ್ ಮಾಡ್ಬೇಡ, ಹಂಗೇ ನೋಡ್ಬಿಡು’ ಎಂದ. ಹಾಗೇ ನೋಡಿದೆ.

ಇರಲಿ. ತೊಟ್ಟಿಲ ದಿನ ಗೊತ್ತಾದರೆ ತಿಳಿಸು, ಹೇಗಾದರೂ ಬರುತ್ತೇನೆ. ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ. ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನಗೂ ಮಗಳಿಗೂ ಬನಶಂಕರಿ ತಾಯಿ ನೂರು ವರ್ಷ ಆಯುಷ್ಯ ಕೊಡಲಿ.

ನಿನ್ನ
ನೀಲಪ್ಪ

ತಾ.ಕ.: ನಾನು ಕ್ಷೇಮ ಎಂದು ಎಲ್ಲೂ ಬರೆದಿಲ್ಲ, ನೋಡಿದೆಯಾ? ರಟ್ಟು ಎಡಗೈಯಲ್ಲೇ ಇತ್ತು ಭಾಗ್ಯಾ. ಸ್ಸ್ ಎಂದ ಕೂಡಲೇ ಬಲಗೈ ತಾನಾಗಿ ಹೋಗಿ ಪೈಪು ಒತ್ತಿ ಹಿಡಿಯಿತು. ಚಿಕ್ಕಂದಿನ ರೂಢಿ, ಕೈ ನನ್ನ ಮಾತು ಕೇಳಲಿಲ್ಲ. ಹೆಬ್ಬೆರಳ ಮೇಲೆ ಸಾಸಿವೆಯಷ್ಟು ಚುಕ್ಕೆ. ನೋವಿಲ್ಲ. ಹಣಮಂತನಿಗೂ ಇರಲಿಲ್ಲ.

ನಾನು ಮಾತ್ರ ಮಲಗಲಿಲ್ಲ, ಕೂಡಲೇ ಆಸ್ಪತ್ರೆಗೆ ಓಡಿಬಂದೆ. ಇದನ್ನು ಬರೆದದ್ದು ಇಲ್ಲಿಯ ಬೆಂಚಿನ ಮೇಲೆ. ಬೆರಳು ಕೊಯ್ದು ಒಳಗೆಲ್ಲ ತೊಳೆಯಬೇಕಂತೆ, ಉಳಿಯುತ್ತದೋ ಇಲ್ಲವೋ ಕೊಯ್ದ ಮೇಲೇ ಗೊತ್ತು ಎಂದರು ಡಾಕ್ಟರು. ಹಣಮಂತ ಪಕ್ಕದಲ್ಲೇ ಇದ್ದಾನೆ. ‘ಇನ್ನ ನಮ್ಮಿಬ್ಬರಿಗೂ ರೊಟ್ಟಿ ಮುರದ ಕೊಡಾವ್ರ ಯಾರಲೇ?’ ಎಂದು ನಗಿಸಲು ನೋಡಿ ತಾನೇ ಅತ್ತ. ನನಗೆ ಬಹಳ ಭಯವಾಗುತ್ತಿದೆ.

ಬೆರಳು ಜೋಮು ಹಿಡಿಯುತ್ತಿದೆ, ಒಳಗೆ ಕರೆಯುತ್ತಿದ್ದಾರೆ. ಈ ಕಾಗದ ಜೋಪಾನವಾಗಿ ಎತ್ತಿಡು. ನಿಮ್ಮಪ್ಪನ ಅಕ್ಷರ ಹೀಗಿತ್ತು ಎಂದು ಮಗಳಿಗೆ ತೋರಿಸಬೇಕಾಗಬಹುದು.